ತೂಕದ ಚೀಟಿ

ಕಾರ್ಡಿನಲ್ಲಿ ನನ್ನ ಹೆಸರಿದೆ: ಅಚಿರೊ.
ಊರು ಕಿಟ್ಗುಮ್. ಎಷ್ಟನೆಯ ಬಸಿರು: ಎರಡು.
ತೂಕ ಎಂಬಲ್ಲಿ ಒಂದು ಅಡ್ಡಗೆರೆ.

ಮೂರು ತಿಂಗಳು, ಮೂರು ಅಡ್ಡಗೆರೆ.
ಯಂತ್ರದ ಮೇಲೆ ನಿಲ್ಲಬೇಕಂತೆ;
ನಿಂತವರಿಗಷ್ಟೇ ಅಲ್ಲಿ ತೂಕ.
ನನ್ನ ಕಾಲೆರಡೂ ನಾಲ್ಕನೇ ವರುಷಕ್ಕೇ ಜ್ವರದ ಪಾಲು.
ಅಂಗೈಗೆ ಹವಾಯಿ ಚಪ್ಪಲಿ ತೊಟ್ಟು ನಡೆಯುವವಳು ನಾನು,
ದೂರಕ್ಕಾದರೆ ಕೈಯಲ್ಲಿ ತುಳಿಯುವ ಮೂರು ಗಾಲಿ.

"ಯಾರು ಕರೆತಂದರು?"
ನಾನೇ ಬಂದೆ.
"ಅಲ್ಲಮ್ಮಾ, ಯಾರು?"
ಆಮೇಲೆ ಕಣ್ಣು ಹೊಟ್ಟೆಗಿಳಿದು
ಕೇಳದೆಯೇ ಕೇಳುವ ಇನ್ನೊಂದು ಯಾರು.

ಅವನಿಗೂ ಹೆಸರಿದೆ, ಸೈಕಲ್ ರಿಪೇರಿ ಅಂಗಡಿಯಿದೆ,
ನಕ್ಕರೆ ಮೂಗು ಸುಕ್ಕಾಗುತ್ತದೆ.
ಮಲಗಿದಾಗ ನಾನು ಯಾರಿಗಿಂತಲೂ ಗಿಡ್ಡಳಲ್ಲ.
ಇದನ್ನೆಲ್ಲ ಬರೆಯಲು ಕಾರ್ಡಿನಲ್ಲಿ ಜಾಗವಿಲ್ಲ.

ಮೊದಲ ಹೆರಿಗೆಯಲ್ಲಿ, ನೋವು ಬಿಟ್ಟು ಬಿಟ್ಟು ಬರುವಾಗ,
ಒಬ್ಬ ಕಾಗದ ಹಿಡಿದು ಬಂದ.
"ಹೆಬ್ಬೆಟ್ಟು ಒತ್ತು. ನಿನ್ನ ಒಳ್ಳೆಯದಕ್ಕೇ."
ಓದಿದೆ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ
ಎರಡೆರಡು ಸಾಲು.
ಕಾಲು ಬಾರದವಳಿಗೆ ಅಕ್ಷರವೂ ಬಾರದೆಂದುಕೊಂಡಿದ್ದ ಪಾಪ.
ಮಗು ಬೇಡವೆನ್ನುವ ದಿನ ಬಂದರೆ
ನಾನೇ ಬಂದು ಕೇಳುತ್ತೇನೆ ಎಂದೆ.
ಹಾಗೆ ಕೇಳಲು ಬಂದ ದಿನ
"ನಿನಗ್ಯಾಕೆ ಅದೆಲ್ಲ?" ಎಂದು ನಕ್ಕರು.

ಅಚಿರೊ ಅಂದರೆ ನಮ್ಮ ಮಾತಿನಲ್ಲಿ ತಾಳಿಕೊಂಡೆ ಎಂದು.
ತಾಳಿದವಳು ಬಾಳಿಯಾಳು, ಸರಿಯೆ.
ಆದರೆ ಎಷ್ಟು ಕೆಜಿ?

ನಾಲ್ಕನೆಯ ತಿಂಗಳು ದಾರಿ ಬದಲಿಸಿದೆ.
ಎಳ್ಳಿನ ವ್ಯಾಪಾರಿ ಒಕಿದಿಯ ಕೊಟ್ಟಿಗೆಯಲ್ಲಿ
ಮೂಟೆ ತೂಗುವ ಹಲಗೆ ನೆಲಕ್ಕೇ ಅಂಟಿಕೊಂಡಿದೆ.
ಮೂಟೆಗೆ ಯಾರೂ ನಿಲ್ಲೆನ್ನುವುದಿಲ್ಲ.
ಚಪ್ಪಲಿ ಕಳಚಿ ಅಂಗೈ ಊರಿ ಹತ್ತಿ ಕೂತೆ.
ಹಮಾಲಿಗಳು ಮಾತು ನಿಲ್ಲಿಸಿದರು.
ಒಕಿದಿ ಕನ್ನಡಕ ಮೇಲೇರಿಸಿ ಮುಳ್ಳು ನಿಲ್ಲುವ ತನಕ ಕಾದ,
"ಅರವತ್ತೊಂದೂವರೆ. ಎಳ್ಳಷ್ಟೂ ಹೆಚ್ಚಿಲ್ಲ, ಎಳ್ಳಷ್ಟೂ ಕಮ್ಮಿಯಿಲ್ಲ.
ಗೋಣಿಯ ತೂಕ ಕಳೆಯಲೇನು?"
ಗೋಣಿಯೂ ನಾನೇ ಮಾರಾಯ, ಹಾಗೇ ಬರಿ ಎಂದೆ.

ಹಳದಿ ಚೀಟಿ, ಕೆಳಗೆ ಮೊಹರು.
ಸರಕು: ಎಳ್ಳು. ದರ್ಜೆ: ಒಂದು.

ಸೂಲಗಿತ್ತಿ ಅಚಾಯೊ ಹೊಸಬಳು.
ಚೀಟಿ ತಿರುಗಿಸಿ ನೋಡಿದಳು, ನಗಲಿಲ್ಲ,
ಕಾರ್ಡು ತೆಗೆದು ಅಡ್ಡಗೆರೆಗಳ ಕೆಳಗೆ
ಅಂಕಿ ಬರೆದಳು.
ಮಂಚ ನನ್ನ ನೆತ್ತಿಗಿಂತ ಎತ್ತರ.
"ಎತ್ತಲು ಗಂಡಸರನ್ನು ಕರೆಯಲೆ?" ಎಂದಳು ಮೆಲ್ಲಗೆ.
ಹಿಂದೆ ಕರೆದಿದ್ದರು. ಕಾವಲುಗಾರ ಮತ್ತವನ ಗೆಳೆಯ.
ಕಂಕುಳಿಗೆ ಕೈ ಹಾಕಿದ್ದರು, ಅಲ್ಲಿಗೇ ನಿಲ್ಲಿಸಿರಲಿಲ್ಲ.

ಬೇಡ ಎಂದೆ. ಚಾಪೆ ಇದೆಯೆ?

ಚಾಪೆ ಇತ್ತು. ಅವಳ ಮಂಡಿ ಲಟಕ್ಕೆಂದವು.
ನೆಲಕ್ಕೆ ಬಂದವಳು ಒಂದು ಗಳಿಗೆ ಸುಮ್ಮನೆ ಸುತ್ತ ನೋಡಿದಳು:
ಮಂಚದ ತಳದ ತುಕ್ಕು, ಯಾರೋ ಅಂಟಿಸಿದ ಚ್ಯೂಯಿಂಗ್ ಗಮ್,
ಕಳೆದುಹೋದ ಬಾಟಲಿ ಮುಚ್ಚಳ, ಇರುವೆ ಸಾಲು,
ಬಾಗಿಲಾಚೆ ಕಾದವರ ಹಿಮ್ಮಡಿ ಹಿಮ್ಮಡಿ ಹಿಮ್ಮಡಿ.
"ಇಲ್ಲಿಂದ ಹೀಗೆ ಕಾಣುತ್ತದೆಯೆ," ಅಂದಳು.
ಹೂಂ, ದಿನಾ.

ಮರದ ತುತ್ತೂರಿ ಹೊಟ್ಟೆಗಿಟ್ಟು ಕಿವಿ ಹಚ್ಚಿದಳು.
ಅವಳ ಕೂದಲಿಗೆ ಡೆಟಾಲಿನ ವಾಸನೆ.
ಉಸಿರು ಹಿಡಿದೆ.
ಬೆರಳಿನಿಂದ ಚಾಪೆಯ ಮೇಲೆ ತಾಳ ಹಾಕಿ ತೋರಿಸಿದಳು,
ಟಕಟಕ ಟಕಟಕ, ಅಂಗಡಿಯಲ್ಲಿ ಅವನು
ಚಕ್ರ ತಿರುಗಿಸಿ ಕಡ್ಡಿ ಪರೀಕ್ಷಿಸುವಾಗಿನ ಹಾಗೆ.

ಮಂಚ ಈಗಲೂ ಅಷ್ಟೇ ಎತ್ತರವಿದೆ.
ಮುಂದಿನ ತಿಂಗಳು ಅವಳಿಗೆ ಬೇರೆ ಊರಿಗೆ ವರ್ಗವಂತೆ.
ಚಾಪೆ ಎಲ್ಲಿಡುತ್ತಾರೆಂದು ನೋಡಿಟ್ಟುಕೊಂಡಿದ್ದೇನೆ:
ಬೀರುವಿನ ಹಿಂದೆ, ಎಡಗಡೆ,
ನನ್ನ ಕೈಗೆ ಎಟುಕುವಲ್ಲಿ.