ಮಂಗಳವಾರದ ರಿಪೇರಿ

ಮಂಗಳವಾರ ಬೆಳಗಿನ ಜಾವ ನಾಲ್ಕಕ್ಕೆ
ಸರ್ವರ್ ಮಲಗುತ್ತದೆ. ರಿಪೇರಿ, ಅನ್ನುತ್ತಾರೆ.
ಏನು ರಿಪೇರಿಯೋ! ಆರು ವರ್ಷದಿಂದ
ಕಪ್ಪೆಕೆರೆ ಸೇತುವೆಗೆ ಒಂದು ಹಲಗೆ ಬಡಿದಿಲ್ಲ.

ಪೆನ್ಷನ್ ಮೊಹಲ್ಲಾದ ನನ್ನ ಜೆರಾಕ್ಸ್ ಅಂಗಡಿ
ಒಂದು ಕಾಲಕ್ಕೆ ಹನ್ನೆರಡು ಕುರ್ಚಿಯ ಸೈಬರ್.
ಗಂಟೆಗೆ ಹದಿನೈದು. ಧರಣೇಂದ್ರ ಸಾಲ ಹೇಳುತ್ತಿದ್ದ,
ಈಗಲೂ ನೂರಾ ಮೂವತ್ತು ಬಾಕಿ.

ಏಳನೇ ಕೋಟೆಯ ಬಾಗಿಲಿಗೆ ಎಂಟು ಕಲ್ಲು.
ಎಂಟು ಜನ ಒಟ್ಟಿಗೆ ನಿಂತರಷ್ಟೇ ತೆರೆಯುವುದು.
ಮಾಡಿದವನಿಗೆ ಅನುಮಾನವೇ ಬರಲಿಲ್ಲ,
ಎಂಟು ಜನ ಎಲ್ಲಿ ಹೋಗುತ್ತಾರೆ, ಅಂದುಕೊಂಡ.

ಈಗ ಮೂವರು: ನಾನು, ಧರಣೇಂದ್ರ,
ಡೇರಿಯಲ್ಲಿ ನೈಟ್ ಶಿಫ್ಟಿನ ಫರ್ಹಾನಾ.
ಉಳಿದ ಐದು ಕಲ್ಲಿಗೆ ಹಳೇ ಪಾಸ್‌ವರ್ಡುಗಳು.
ಬೇಜಾರಾಗಿ ಬಿಟ್ಟವರದು, ಮರೆತವರದು,
ಒಂದು, ಬೈಪಾಸಿನಲ್ಲಿ ಹೋದ ಶಿವನಂಜನದು.
ಅವನನ್ನು ನಾನೇ ನಡೆಸುತ್ತೇನೆ.
ಅವನು ಓಡುತ್ತಿದ್ದ. ನಾನು ಓಡಿಸುವುದಿಲ್ಲ.

ಕಂಪನಿ ಎರಡು ಸಲ ಕೈ ಬದಲಾಯಿತು.
ಕೇಳಿದರೆ ಒಂದೇ ಉತ್ತರ: ಸದ್ಯಕ್ಕೆ ಇರುತ್ತದೆ.
ನನ್ನ ಅಂಗಡಿಯ ಮಾಲೀಕನೂ
ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಾನೆ.

ಹೊರಗೆ ಹಾಸನದ ಸಂತೆಗೆ ಆಲೂಗಡ್ಡೆ ಇಳಿಯುತ್ತಿತ್ತು.
ಆರು ಗಂಟೆ. ಆರೂವರೆ. ಪರದೆ ಕಪ್ಪು.
ಫರ್ಹಾನಾ ಫೋನು: ಬಂತಾ?
ಇಲ್ಲ.
ಆರು ಐವತ್ತಕ್ಕೆ ಕೆರೆಯ ನೀರು ಮೊದಲು ಬಂತು,
ಆಮೇಲೆ ದಡ, ಆಮೇಲೆ ನಾವು.
ದಡದ ಮೇಲೆ ಯಾರೋ ಹೊಸಬ, ಬರಿಗೈ:
ಯಾರಾದ್ರೂ ಇದ್ದೀರಾ?

ಇದ್ದೀವಿ, ಸದ್ಯಕ್ಕೆ, ಎಂದು ಹೊಡೆದು
ಎರಡನೇ ಪದ ಅಳಿಸಿದೆ.
ಅವನಿಗೆ ಜಾಗ ಬೇಕಲ್ಲ, ಎಂಟರಲ್ಲಿ
ಒಂದು ಕಲ್ಲು ಖಾಲಿ ಮಾಡಿದೆ.
ಶಿವನಂಜನದಲ್ಲ.