ಒಂದು ಹಿಡಿ ಹೆಚ್ಚು

ಸುಮ್ಮನಿದ್ದರೆ ಸುಮ್ಮನಿರುತ್ತದೆ,
ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ.
ಏನಾದರೂ ಹಿಡಿಯಲು ಹೋದೆನೋ, ಶುರು:
ಚಮಚ, ಬೀಗದಕೈ, ಪೆನ್ನು.
‘ಕೆಲಸ ಕಂಡರೆ ನಡುಗುವ ಕೈ’ ಎಂದು
ನಾನೇ ತಮಾಷೆ ಮಾಡುತ್ತೇನೆ
ಬೇರೆಯವರು ಮಾಡುವ ಮೊದಲು.

ಇಪ್ಪತ್ತಾರು ವರ್ಷ, ಕಾರವಾರದ ದೊಡ್ಡಾಸ್ಪತ್ರೆಯ
ಹನ್ನೊಂದನೇ ಕೋಣೆ.
ಬೆಳಿಗ್ಗೆ ಎಂಟಕ್ಕೇ ಸಾಲು:
ಖಾಲಿ ಹೊಟ್ಟೆ, ಚೀಟಿ, ಮಡಚಿದ ತೋಳು.
ಮಾಜಾಳಿಯ ಮುದುಕಿಯರ ಬತ್ತಿದ ನರ,
ಬಂದರಿನ ಹಮಾಲರ ಹಗ್ಗದಂಥ ನರ,
ಹುಟ್ಟಿ ಮೂರು ದಿನದ ಕೂಸಿನ ಹಿಮ್ಮಡಿ.
ಎಲ್ಲಿ ಚುಚ್ಚಬೇಕೆಂದು ಬೆರಳ ತುದಿಗೆ ಗೊತ್ತಿತ್ತು.
‘ಆಯ್ತಾ ಸಿಸ್ಟರ್? ಗೊತ್ತೇ ಆಗ್ಲಿಲ್ಲ.’
ಸಿಸ್ಟರ್ ಅಲ್ಲ, ಟೆಕ್ನಿಷಿಯನ್ ಎಂದು
ತಿದ್ದುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಮೊದಲ ತಪ್ಪು ಗೋಪಿಕಾ ಆಚಾರಿಯ ಎಡತೋಳಲ್ಲಿ,
ಹುಣಸೆಬೀಜದಷ್ಟು ನೀಲಿ.
ಆಮೇಲೆ ಇನ್ನೊಂದು. ಆಮೇಲೆ ಎಣಿಸಲಿಲ್ಲ.
ಸಾಲಿನವರು ಒಬ್ಬೊಬ್ಬರೇ
ಪಕ್ಕದ ಮೇಜಿನ ಮುಂದೆ ನಿಲ್ಲತೊಡಗಿದರು,
ಏನೂ ಅನ್ನದೆ. ನಮ್ಮ ಕಡೆಯವರು ಮರ್ಯಾದೆಯ ಜನ.
ಹುಬ್ಬಳ್ಳಿಯ ಡಾಕ್ಟರು ಎರಡು ಕಾಗದ ಬರೆದರು,
ಒಂದು ಮಾತ್ರೆಯ ಅಂಗಡಿಗೆ, ಒಂದು ಮೇಲಿನವರಿಗೆ.
ಎಂಟು ವರ್ಷ ಬಾಕಿಯಿರುವಾಗ ಸ್ವಯಂ ನಿವೃತ್ತಿ.
‘ಸ್ವಯಂ’ ಎಂಬುದನ್ನು ಓದಿ
ಸುಮಾರು ಹೊತ್ತು ಕೂತಿದ್ದೆ.
ಕೆಳಗೆ ಹಾಕಿದ ಸಹಿ ಗೆರೆಯ ಮೇಲೆ ನಿಲ್ಲಲಿಲ್ಲ.

ಈಗ ಕೋಡಿಬಾಗದ ಮನೆ,
ಸೇತುವೆಯ ಲಾರಿಗಳ ಸದ್ದು.
ಎಂಟಾಗುತ್ತದೆ, ಯಾರೂ ಬರುವುದಿಲ್ಲ.
ಇವರು ಅರ್ಧ ಲೋಟ ಚಹಾ ಕೊಡುತ್ತಾರೆ,
ಅದು ಮುಗಿದರೆ ಇನ್ನರ್ಧ.
ಯಾಕೆಂದು ನಾನು ಕೇಳಿಲ್ಲ, ಇವರು ಹೇಳಿಲ್ಲ.
ಒಂದು ದಿನ ಮಾತ್ರ, ಮುಳ್ಳು ಬಿಡಿಸಿಕೊಡಲು ಬಂದಾಗ,
ಬಂಗುಡೆ ತಟ್ಟೆ ಸಮೇತ ಅಂಗಳಕ್ಕೆ ಹೋಯಿತು.
ಅದು ನಡುಕ ಅಲ್ಲ.
ಕಾಗೆಗಳಿಗೆ ಹಬ್ಬ.

ಮೊನ್ನೆ ನನ್ನದೇ ರಕ್ತ ಕೊಡಲು ಹೋದೆ.
ಸಾಲಿನಲ್ಲಿ ಹತ್ತೊಂಬತ್ತನೆಯವಳು.
ಹೊಸ ಹುಡುಗ, ನಿತೇಶ ಗುನಗಿ ಎಂದು ಬ್ಯಾಡ್ಜಿನಲ್ಲಿತ್ತು,
ತೋಳು ತಟ್ಟಿದ, ಬಿಟ್ಟ, ಮತ್ತೆ ತಟ್ಟಿದ.
‘ಕಣ್ಣಲ್ಲಿ ಹುಡುಕಬೇಡ ಮಾರಾಯ,
ಬೆರಳಿಟ್ಟು ಸ್ವಲ್ಪ ಕಾದಿರು. ಅದೇ ಬರುತ್ತದೆ.’
ಮೇಜಿನ ಮೇಲೆ ನನ್ನ ಕೈ ಸುಮ್ಮನೆ ಬಿದ್ದಿತ್ತು.
ಸೂಜಿ ಹೋಗುವಾಗ
ನಡುಗಿದ್ದು ಅವನದು.
‘ಗೊತ್ತೇ ಆಗ್ಲಿಲ್ಲ’ ಎಂದೆ. ಸುಳ್ಳು.

ವಾಪಸು ಬರುವಾಗ ಬೆಳಚು ಕೊಂಡೆ.
ಆಯಿ ಮಾರುತ್ತಿದ್ದಳು, ಕಾಳಿ ನದಿಯ ಕೆಸರಲ್ಲಿ
ಇಳಿತದ ಹೊತ್ತು ನೋಡಿ ಹೆಕ್ಕಿ ತಂದು.
ಸೇರಿನಲ್ಲಿ ಅಳೆದು ಸುರಿಯುವಾಗ ಅವಳ ಕೈಯೂ ಹೀಗೇ.
ಪ್ರತಿ ಸಲ ಒಂದು ಹಿಡಿ ಹೆಚ್ಚು
ಗಿರಾಕಿಯ ಚೀಲಕ್ಕೆ ಉದುರುತ್ತಿತ್ತು.
‘ಶೇವಂತಿಯ ಕೈ ಧಾರಾಳ’ ಅಂದಿತು ಇಡೀ ಪೇಟೆ.
ಆಯಿ ನಕ್ಕಳು, ತಿದ್ದಲಿಲ್ಲ.
ರಾತ್ರಿ ಚಿಲ್ಲರೆ ಎಣಿಸುವಾಗ ನಗುತ್ತಿರಲಿಲ್ಲ,
ಅದು ನನಗೊಬ್ಬಳಿಗೆ ಗೊತ್ತು.

ಸಂಜೆ ಪಾತ್ರೆಗೆ ನೀರು ಹಾಕಿ ಬೆಳಚು ತೊಳೆಯುತ್ತೇನೆ.
ಕೈ ಶುರುವಾಗುತ್ತದೆ.
ಚಿಪ್ಪಿಗೆ ಚಿಪ್ಪು ತಾಗಿ ಗಲಗಲ,
ಮರಳು ಬಿಟ್ಟು ತಳಕ್ಕೆ ಇಳಿಯುತ್ತದೆ.
‘ಏನದು ಸದ್ದು?’ ಇವರು ಒಳಗಿನಿಂದ.
‘ನಾನು’ ಎನ್ನುತ್ತೇನೆ.