ಎಂಬತ್ತು ಮಾರು

ಚುನಾವಣಿ ಬಂತಂದ್ರ ನಮ್ಮನಿ ಬಂದೂಕು
ಶಿರಹಟ್ಟಿ ಠಾಣೆಗೆ ಜಮಾ ಆಗಬೇಕು.
ಅಪ್ಪನ ಹಳೇ ಧೋತರದಾಗ ಸುತ್ತಿ, ಬಸ್ಸಿನಾಗ
ತೊಡಿ ಮ್ಯಾಲ ಮಲಗಿಸಿಕೊಂಡು ಒಯ್ತೀನಿ,
ಜ್ವರ ಬಂದ ಕೂಸಿನ್ಹಂಗ.
ಕಂಡಕ್ಟರ್ ಅದಕ್ಕೂ ಲಗೇಜ್ ಚೀಟಿ ಹರೀತಾನ.

ರೈಟರ್ ಬರಕೋತಾನ:
ರೈಫಲ್ ಒಂದು. ತ್ರೀ-ಫಿಫ್ಟೀನ್. ಬೆಳೆ ರಕ್ಷಣೆ.
ತೋಟಾ ಎಂಟು.
ಹೋದ ಸಲಾನೂ ಎಂಟು, ಅದರ ಹಿಂದಿನ ಸಲಾನೂ ಎಂಟು.
ಪುಟ ಹಿಂದಕ್ಕ ತಿರುವಿ ನಗತಾನ:
"ಏನ್ರಿ ಅಮ್ಮಾರ, ನಿಮ್ಮ ಹೊಲಕ್ಕ ಹಂದೀನ ಬರೂದಿಲ್ಲೇನು?"

ಹೊಸಾ ಪೊಲೀಸ ಹುಡುಗ ಮೈಲಾರಿ
ಒಂದು ತೋಟಾ ತಗೊಂಡು ಕಿಡಕಿ ಬೆಳಕಿಗೆ ಹಿಡದ.
ಹಿತ್ತಾಳಿ ಕಿಲುಬು ಹಿಡದಿತ್ತು,
ಮಜ್ಜಿಗಿ ಮರತಿಟ್ಟ ಚಂಬಿನ್ಹಂಗ.
"ಅಜ್ಜನ ಕಾಲದ್ವು ಇವು. ನಿಧಾನ.
ಇನ್ನೂರು ಗಜ ದಾಟೂದ್ರಾಗ ಮೊಣಕಾಲಿಗೆ ಇಳೀತಾವ.
ಈಗಿನ್ವು ನೋಡ್ರಿ, ದಾರ ಹಿಡದ್ಹಂಗ ಸೀದಾ.
ಇದು ಚಿಗರಿಗೆ ಎಲ್ಲಿ ಸಾಕಾಗತಿತ್ತು?"
ಅಂದವನ ನಾಲಿಗಿ ಕಚ್ಚಿಕೊಂಡ.
ಅವನ ತಲಿ ಮ್ಯಾಲ ಅರಣ್ಯದವರ ಬೋರ್ಡು:
ಹೊಡದ್ರ ಏಳು ವರ್ಷ.

ಬಾಕಿನ ಮ್ಯಾಲ ದಸ್ತಗೀರಸಾಬ,
ಕೀಲು ಕುದುರಿ ರಿಪೇರಿ ಮಾಡಿ ಬೆರಳು ಸೊಟ್ಟಾದ ಮುದುಕ,
ತನ್ನ ಒಂಟಿ ನಳಗಿ ತೊಡಿ ನಡುವ ಇಟ್ಕೊಂಡು ಅಂದ:
"ತೋಟಾದ ಬುಡದಾಗಿನ ಇಸವಿ ಚಿಗರಿ ಓದೂದಿಲ್ಲ ತಮ್ಮಾ.
ಎದಿಗೆ ಬಿದ್ರ ಹಳೇದೂ ಒಂದ, ಹೊಸಾದೂ ಒಂದ.
ಬೀಳಲಿಲ್ಲಂದ್ರ ತೋಪು ತಂದ್ರೂ ಅಷ್ಟ."
ಇಬ್ಬರೂ ನನ್ನ ಕಡೆ ನೋಡಿದ್ರು, ತೀರ್ಪಿಗೆ.
ನಾ ರಸೀದಿಗೆ ಸಹಿ ಮಾಡಾಕ ಹತ್ತಿದ್ದೆ.

ಎಂಬತ್ತು ಮಾರು ಅಂತಿದ್ದ ನಮ್ಮಪ್ಪ.
ಅದರೊಳಗ ಇದ್ರ ಬ್ಯಾಟಿ,
ಅದರಾಚಿ ಬರೇ ಆಸಿ.
ಗಾಳಿಗೆ ಮಾರಿ ಕೊಟ್ಟು ಕಡ್ಲಿ ಸಾಲಿನಾಗ
ಒಂದು ಬೀಡಿ ಹೊತ್ತಿಗೆ ಒಂದು ಮಾರು ತೆವಳತಿದ್ದ.
ಕಡ್ಲಿ ಹುಳಿ ಹತ್ತಿ ಅಂಗಿ ಮೊಣಕೈ ಎರಡೂ ತೂತು,
ಅವ್ವ ತ್ಯಾಪಿ ಹಚ್ಚಿ ಹಚ್ಚಿ ಬೈತಿದ್ಲು.

ಕಾಯ್ದೆ ಬರೂಕಿಂತ ಮೊದಲಿನ ಮಾತು.
ಒಂದು ಸಂಜಿ, ಮನ್ಯಾಗ ಬೀಗರು, ಹೊತ್ತು ಮುಣುಗತಿತ್ತು.
ನೂರಾ ಐವತ್ತು ಮಾರು. ಗೊತ್ತಿದ್ದೂ ಹಾರಿಸಿದ.
ಕರೇ ಗಂಡು ಮುಗ್ಗರಿಸಿತು,
ಎದ್ದು ಹಳ್ಳದ ಕಡೆ ಓಡಿತು.
ಬೀಗರನ್ನ ಮರತ. ಕಂದೀಲು ಹಿಡಕೊಂಡು ನಡದ.
ಎರಿ ಮಣ್ಣಿನಾಗ ರಗತ ಕಾಣೂದಿಲ್ಲ,
ಕುಸುಬಿ ಮುಳ್ಳಿನ ಮ್ಯಾಲ ಅಷ್ಟ, ಅಲ್ಲೊಂದು ಇಲ್ಲೊಂದು.
ನಾ ಎಂಟು ವರ್ಷದಾಕಿ, ಡಬ್ಬಿ ಹಿಡದು ಹಿಂದ.
ಬೆಳ್ಳಿ ಮೂಡೂ ಹೊತ್ತಿಗೆ ಸಿಕ್ತು, ಜಾಲಿ ಬುಡಕ,
ಮೆಲುಕು ಹಾಕೂ ಆಕಳ್ಹಂಗ ಕೂತಿತ್ತು.
ತಲಿ ಎತ್ತೇ ಇತ್ತು.
ಎರಡನೇ ತೋಟಾ ಎರಡು ಮಾರಿನಿಂದ.
ಹತ್ತರ ಡಬ್ಬಿ.

ಆಮ್ಯಾಲ ಯಾರರ ಕೇಳಿದ್ರು ಅಂದ್ರ,
"ಹೆಂಗ ದೇವೇಂದ್ರಪ್ಪ, ಆ ತೋಟಾ ಚಿಗರಿಗೆ ಸಾಕಾ?"
"ಸಾಕು" ಅಂತಿದ್ದ, ಅಷ್ಟ.
ಕೇಳಿದವರು ತೋಟಾದ ಮಾತಂತ ತಿಳಕೊಂಡು ಹೋಗತಿದ್ರು.

ಹಂಗಾದ್ರ ಲೈಸೆನ್ಸು ಯಾಕ ತಿರತಿರಗಿ ಮಾಡಸ್ತೀರಿ
ಅಂತ ಮೈಲಾರಿ ಕೇಳಲಿಲ್ಲ, ಪುಣ್ಯಾತ್ಮ.

ಬರೂ ದಾರ್ಯಾಗ ಬಸ್ಸು ಪಂಚರ್.
ಗಾಳಿ ಫ್ಯಾನಿನ ನೆರಳು ಕಡ್ಲಿ ಹೊಲಾ ಕಡಕೋತ ಹೊಂಟಿತ್ತು.
ಅದರ ನಡುವ ಹದಿನಾಲ್ಕು ಚಿಗರಿ, ಕರೇವು ಎರಡು.
ಜಾಕ್ ಧಪ್ಪಂತ ಬಿದ್ದಾಗ ತಲಿ ಎತ್ತಿದ್ವು,
ನೋಡಿದ್ವು, ಮತ್ತ ಇಳಿಸಿದ್ವು.
ತೊಡಿ ಖಾಲಿ ಇತ್ತು. ಕಣ್ಣಿನ ಚಟ ಹೋಗಿಲ್ಲ,
ಅಳದೆ: ನಲವತ್ತು ಮಾರು.
ಮೂವತ್ತೈದು.
ಯಾರದೋ ಕಡ್ಲಿ. ತಿನ್ನಾಕ ಹತ್ತಿದ್ವು.